ಆಟ ಕಟ್ಟಿದವರ ಹೆಸರು

ನಾನು ಆಟ ಕಟ್ಟುವವನು. ಬಯಲಾಟವಲ್ಲ, ನಾಟಕವೂ ಅಲ್ಲ. ಗಣಕಯಂತ್ರದ ಮೇಲೂ ಕೈಫೋನಿನ ಮೇಲೂ ಆಡುವ, ಜನ ವಿಡಿಯೊ ಗೇಮ್ ಎಂದು ಕರೆಯುವ ಆಟ. ಯಾವ ಕಂಪನಿಯ ನೌಕರಿಯೂ ಇಲ್ಲದೆ ಸಿಂದಗಿಯ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಈ ಕೆಲಸ ಮಾಡುತ್ತೇನೆ. ಇಂಥವರಿಗೆ ಈಗ 'ಇಂಡಿ ಡೆವಲಪರ್' ಎಂಬ ಹೆಸರು ರೂಢಿಯಾಗಿದೆ. ಇಂಡಿಪೆಂಡೆಂಟ್, ಅಂದರೆ ಸ್ವತಂತ್ರ, ಎಂಬುದರ ಮೊಟಕು. ಬೇರೆ ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ನಮ್ಮ ಜಿಲ್ಲೆಯಲ್ಲಿ ಮಾತ್ರ ಈ ಮಾತು ಬಾಯಿಂದ ಹೊರಬಿದ್ದ ಕೂಡಲೆ "ಇಂಡ್ಯಾಗ ಯಾವ ಓಣಿ ನಿಮ್ದು?" ಎಂಬ ಪ್ರಶ್ನೆ ಬರುತ್ತದೆ. ಇಂಡಿ ನಮ್ಮ ಅಕ್ಕನನ್ನು ಕೊಟ್ಟ ಊರು. ಮುದ್ದೇಬಿಹಾಳ ತಾಯಿಯ ತವರು. ಬಸವನ ಬಾಗೇವಾಡಿ ಹೆಂಡತಿಯ ತವರು. ಹೀಗಾಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಹೋದರೂ ನನ್ನ ಉದ್ಯೋಗವನ್ನು ಹೊಸದಾಗಿ ವಿವರಿಸುವ ಕಷ್ಟ ತಪ್ಪಿದ್ದಲ್ಲ.

ವಿವರಿಸಿ ವಿವರಿಸಿ ಒಂದು ಪ್ರಶ್ನೆ ನನ್ನ ತಲೆಯನ್ನೇ ಹೊಕ್ಕು ಕುಳಿತಿದೆ. ಆಟವನ್ನು ಎಲ್ಲರೂ ಬಲ್ಲರು, ಆಡುವವರನ್ನೂ ಬಲ್ಲರು. ಕಟ್ಟಿದವನನ್ನು ಯಾರೂ ಏಕೆ ಕೇಳುವುದಿಲ್ಲ? ಕವಿಯ ಹೆಸರು ಕಾವ್ಯದಲ್ಲಿ ಉಳಿಯಿತು. ಶಿಲ್ಪಿಗಳಲ್ಲಿ ಕೆಲವರು ಮೂರ್ತಿಯ ಪೀಠದ ಮೇಲೆಯೇ ತಮ್ಮ ಹೆಸರು ಕೊರೆದರು. ಬಳ್ಳಿಗಾವೆಯ ದಾಸೋಜನ ಹೆಸರನ್ನು ಬೇಲೂರಿನಲ್ಲಿ ಇಂದಿಗೂ ಓದಬಹುದು. ಆದರೆ ಹಳೆಯ ಗುಡಿಗಳ ಜಗುಲಿಯ ಮೇಲೆ, ಊರ ಕಟ್ಟೆಯ ಚಪ್ಪಡಿಯ ಮೇಲೆ ಯಾರೋ ಉಳಿಯಿಂದ ಗೀರಿದ ಆಟದ ಮನೆಗಳ ಪಕ್ಕದಲ್ಲಿ ಒಂದು ಅಕ್ಷರವೂ ಇಲ್ಲ.

ಹೆಸರಿಲ್ಲವೆಂದ ಮಾತ್ರಕ್ಕೆ ಆ ಆಟಗಳು ತಾವಾಗಿಯೇ ನೆಲದಿಂದ ಮೊಳೆತವೆಂದು ತಿಳಿಯಬಾರದು. ನಮ್ಮ ಮನೆಮನೆಯ ಚೌಕಾಬಾರವನ್ನೇ ನೋಡಿ. ಐದೈದರ ಐದು ಸಾಲು, ಒಟ್ಟು ೨೫ ಮನೆ. ಹೊರಸುತ್ತಿನಲ್ಲಿ ೧೬, ಒಳಸುತ್ತಿನಲ್ಲಿ ೮, ನಡುವೆ ಹಣ್ಣಾಗುವ ಮನೆ ಒಂದು. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗುರುತು. ಅಲ್ಲಿ ಕುಳಿತ ಕಾಯನ್ನು ಯಾರೂ ಹೊಡೆಯುವಂತಿಲ್ಲ. ನಾಲ್ಕು ಕವಡೆ, ಕವಡೆ ಸಿಗದಿದ್ದರೆ ಒಡೆದ ಹುಣಸೆಬೀಜ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಎರಡು ಬದಿಗೂ ಸಮನಾಗಿ ಬೀಳುತ್ತದೆಂದು ಭಾವಿಸಿ ಲೆಕ್ಕ ಹಾಕಿದರೆ, ಹದಿನಾರು ಬಗೆಯ ಬೀಳುವಿಕೆಯಲ್ಲಿ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು, ಚೌಕ ಒಂದೇ ಸಲ, ಬಾರ ಒಂದೇ ಸಲ. ಅಪರೂಪದ ಆ ಎರಡಕ್ಕೆ ಮಾತ್ರ ಇನ್ನೊಂದು ಸಲ ಕವಡೆ ಹಾಕುವ ಹಕ್ಕು. ಇದು ಆಕಸ್ಮಿಕವೇ? ನಾನು ಆಟದ ಲೆಕ್ಕಾಚಾರ ಕೂಡಿಸಲು ವಾರಗಟ್ಟಲೆ ಕೂಡುತ್ತೇನೆ. ಸುಲಭವಾದರೆ ಬೇಸರ, ಕಠಿಣವಾದರೆ ಸಿಟ್ಟು. ಇವೆರಡರ ನಡುವಿನ ಆ ಸಣ್ಣ ಸಂದಿನಲ್ಲಿ ಚೌಕಾಬಾರ ಎಷ್ಟೋ ತಲೆಮಾರುಗಳಿಂದ ನಿಂತಿದೆ.

ಬಹಳ ಮನೆಗಳಲ್ಲಿ ಇನ್ನೊಂದು ಕಟ್ಟಳೆಯೂ ಉಂಟು: ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಈ ಒಂದು ಮಾತು ಇಲ್ಲದಿದ್ದರೆ ಜಾಣರಾದವರು ಕಟ್ಟೆಯಿಂದ ಕಟ್ಟೆಗೆ ಹಾರಿ, ಯಾರ ಗೊಡವೆಗೂ ಹೋಗದೆ ಹಣ್ಣಾಗಿಬಿಡುತ್ತಿದ್ದರು. ಆಟ ಮಧ್ಯಾಹ್ನದ ನಿದ್ದೆಯಾಗುತ್ತಿತ್ತು. ಅದನ್ನು ಕಂಡು, ಯೋಚಿಸಿ, ಈ ಕಟ್ಟಳೆ ಹಾಕಿದ ಒಬ್ಬರು ಇದ್ದೇ ಇದ್ದರು. ಹೆಂಗಸೇ ಇದ್ದಿರಬೇಕು ಎಂದು ನನ್ನ ಊಹೆ. ಮಧ್ಯಾಹ್ನದಲ್ಲಿ ಈ ಆಟ ಆಡುವವರೇ ಅವರು.

ಹುಲಿ-ಕುರಿಯಂತೂ ಇನ್ನೂ ಸೋಜಿಗದ್ದು. ಮೂರು ಹುಲಿ, ಹದಿನೈದು ಕುರಿ. ಇಬ್ಬರು ಆಟಗಾರರಿಗೆ ಬಲವೂ ಬೇರೆ, ನಡೆಯೂ ಬೇರೆ, ಗೆಲ್ಲುವ ಬಗೆಯೂ ಬೇರೆ. ಹುಲಿ ಹಾರಿ ತಿನ್ನಬೇಕು. ಕುರಿಗಳು ಗುಂಪಾಗಿ ಹುಲಿಯನ್ನು ಅಲುಗದಂತೆ ಕಟ್ಟಿಹಾಕಬೇಕು. ಸಮಬಲವಿಲ್ಲದ ಎರಡು ಪಕ್ಷಗಳಿಗೆ ಸಮಾನವಾದ ಗೆಲುವಿನ ಅವಕಾಶ ಕೊಡುವುದು ಇಂದಿನ ದೊಡ್ಡ ಕಂಪನಿಗಳಿಗೂ ಬೆವರು ಬಿಡಿಸುವ ಕೆಲಸ. ನಾಗರಪಂಚಮಿಗೆ ನಮ್ಮ ಕಡೆ ಲಿಂಬೆಹಣ್ಣು ಎಸೆಯುವ ಪಣವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಇಷ್ಟು ಎಸೆತಕ್ಕೆ ಇಂಥ ಜಾಗ ಮುಟ್ಟಬೇಕೆಂದು ಗೊತ್ತು ಮಾಡಿ ಹರೆಯದವರು ಊರ ಹೊರಗೆ ಓಡುವುದು. ಲಿಂಬೆಗೆ ಹೆಸರಾದ ಇಂಡಿಯ ಸೀಮೆಯಲ್ಲಿ ಈ ಆಟಕ್ಕೆ ಬೇಕಾದ ಸಾಮಗ್ರಿಗೆ ಎಂದೂ ಬರವಿಲ್ಲ.

ಈ ನಾಲ್ಕು ತಾಲ್ಲೂಕುಗಳಿಗೆ ಆಟದ ಇತಿಹಾಸದಲ್ಲಿ ಹಿಂಬಾಗಿಲಿನಿಂದ ಒಂದು ಸ್ಥಾನ ಉಂಟು ಎಂದರೆ ನಗಬೇಡಿ. ಇಂಡಿ ಸೀಮೆಯ ತದ್ದೇವಾಡಿಯೇ ಹಿಂದಿನ ತರ್ದವಾಡಿ ಸಾಸಿರ ನಾಡಿನ ತಲೆಯೂರು. ೯೭೩ರಲ್ಲಿ ರಾಷ್ಟ್ರಕೂಟರ ಆಳಿಕೆಯನ್ನು ಮುಗಿಸಿದ ಇಮ್ಮಡಿ ತೈಲಪ ಅದಕ್ಕೆ ಮುನ್ನ ಅವರ ಕೈಕೆಳಗೆ ಈ ನಾಡನ್ನೇ ಆಳುತ್ತಿದ್ದವನು. ಅವನ ವಂಶದಲ್ಲಿ ಮುಂದೆ ಕಲ್ಯಾಣದ ಗದ್ದುಗೆ ಏರಿದ ಮೂರನೆಯ ಸೋಮೇಶ್ವರ ೧೧೨೯ರ ಸುಮಾರಿಗೆ 'ಮಾನಸೋಲ್ಲಾಸ'ವನ್ನು ಬರೆದ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ. ರಾಜ್ಯ ಗಳಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂದು ಆರಂಭವಾಗುವ ಗ್ರಂಥ ಕೊನೆಗೆ ಬಂದು ನಿಲ್ಲುವುದು ಕ್ರೀಡೆಗಳಲ್ಲಿ. ಅಲ್ಲಿ ಚದುರಂಗವಿದೆ, ಪಗಡೆಯ ದಾಳವಿದೆ, ಕವಡೆಯಾಟವಿದೆ. ಒಬ್ಬ ಚಕ್ರವರ್ತಿ ಕೂತು ಕವಡೆಯಾಟದ ವಿವರ ಬರೆದನೆಂಬುದು ನನಗೆ ಅಭಿಮಾನದ ಸಂಗತಿ. ನಮ್ಮ ಓಣಿಯ ಹಿರಿಯರಿಗೆ ಈ ಮಾತು ಹೇಳಿ ನನ್ನ ಉದ್ಯೋಗದ ಮರ್ಯಾದೆ ಸ್ವಲ್ಪ ಏರಿಸಿಕೊಂಡದ್ದೂ ಉಂಟು. ಆದರೆ ಅಷ್ಟೆಲ್ಲ ಬರೆದ ಸೋಮೇಶ್ವರನೂ ಇದನ್ನು ಕಟ್ಟಿದವರು ಯಾರೆಂಬ ತಂಟೆಗೆ ಹೋಗಲಿಲ್ಲ. ಅರಸನಿಗೆ ಆಟ ಕಾಲ ಕಳೆಯುವ ಸಾಧನ. ಅದು ಯಾರದೋ ದುಡಿಮೆ ಎಂಬ ನೆನಪೇಕೆ ಬಂದೀತು?

ದುಡಿಮೆಗೆ ಹೆಸರು ಅಂಟಿಸಿದವರು ಅದೇ ಶತಮಾನದ ಶರಣರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸುತ್ತ ನೆರೆದವರ ಹೆಸರುಗಳನ್ನು ಓದುತ್ತ ಹೋಗಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ. ಕಾಯಕವೇ ಹೆಸರಿನ ಮೊದಲ ಪದ. ಜನರಿಗೆ ಮರೆಯುವುದೇನೆಂದರೆ, ಆ ಸಾಲಿನಲ್ಲಿ ವೇಷ ಹಾಕಿ ಆಡುವ ಬಹುರೂಪಿ ಚೌಡಯ್ಯನೂ ಇದ್ದ, ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯೂ ಇದ್ದ. ನಗಿಸುವುದು ಹಗ್ಗ ಹೊಸೆಯುವುದಕ್ಕೆ ಕಡಿಮೆಯಲ್ಲ ಎಂದು ಒಪ್ಪಿಕೊಂಡ ನೆಲದಲ್ಲಿ 'ನಿನಗ ಖರೇ ಕೆಲಸ ಯಾವಾಗ ಸಿಗತೈತಿ?' ಎಂದು ನನ್ನನ್ನು ಕೇಳುವವರಿಗೆ ನಾನು ಉತ್ತರವಾಗಿ ಹೇಳುವುದು ಮಾರಿತಂದೆಯ ಹೆಸರನ್ನೇ.

ಕರ್ನಾಟಕದಲ್ಲಿ ಆಟ ಕಟ್ಟಿ ಹೆಸರು ಉಳಿಸಿಕೊಂಡವರು ಯಾರೂ ಇಲ್ಲವೇ ಎಂದರೆ ಒಬ್ಬರುಂಟು. ಆದರೆ ಆತ ದೊರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ೧೭೯೯ರಲ್ಲಿ ಐದರ ಬಾಲಕನಾಗಿ ಸಿಂಹಾಸನ ಏರಿದವರು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡರು. ೧೮೬೮ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತೇಳು ವರ್ಷ ಕೈಯಲ್ಲಿ ರಾಜ್ಯವಿಲ್ಲದ ರಾಜ. ಆ ವಿರಾಮದಲ್ಲಿ ಅವರು ಮಾಡಿದ ಕೆಲಸ ಅಷ್ಟಿಷ್ಟಲ್ಲ. ಗಂಜೀಫಾ ಎಲೆಗಳ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು; ಅವುಗಳಲ್ಲಿ ದೊಡ್ಡದು ಬಣ್ಣಕ್ಕೆ ೨೦ರಂತೆ ೧೮ ಬಣ್ಣದ್ದು, ಒಟ್ಟು ೩೬೦ ಎಲೆ. ಚದುರಂಗದ ಕುದುರೆ ೬೪ ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸುತ್ತುಗಳನ್ನು ಲೆಕ್ಕ ಹಾಕಿ ಕೂಡಿಸಿದರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯನ್ನು ಇಂಥ ವಿನೋದಗಳಿಗೆ ಮೀಸಲಿಟ್ಟರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಅವರ ಆಟದ ಹಾಸುಗಳು ಚಿತ್ರವಾಗಿ ನಿಂತಿವೆ. ಕೆಲಸ ಕಳೆದುಕೊಂಡು, ಯಾರ ಅಪ್ಪಣೆಯೂ ಇಲ್ಲದೆ, ತನ್ನ ಮನಸ್ಸಿನ ಆಟವನ್ನು ತಾನೇ ಕಟ್ಟುವವನು ಇಂಡಿ ಆಟಗಾರನಾದರೆ, ನಮ್ಮಲ್ಲಿ ಮೊದಲ ಇಂಡಿ ಅವರೇ. ವ್ಯತ್ಯಾಸವಿಷ್ಟೇ: ಅವರಿಗೆ ವರ್ಷಾಶನ ಬರುತ್ತಿತ್ತು.

ಈಗ ಹೇಳಬೇಕಾದ ಮಾತು ಸ್ವಲ್ಪ ಕಹಿ. ಮುಮ್ಮಡಿಯವರ ೩೬೦ ಎಲೆಗಳ ಆಟವನ್ನು ನಿಮ್ಮ ಮನೆಯಲ್ಲಿ ಯಾರಾದರೂ ಆಡುತ್ತಾರೆಯೇ? ಹೆಸರಿರುವ ಆಟ ವಸ್ತುಸಂಗ್ರಹಾಲಯದಲ್ಲಿದೆ. ಹೆಸರಿಲ್ಲದ ಚೌಕಾಬಾರ ಮುದ್ದೇಬಿಹಾಳದ ಪಡಸಾಲೆಯಲ್ಲಿದೆ. ಆಟ ಉಳಿಯಬೇಕಾದರೆ ಆಡುವವರು ಅದನ್ನು ತಮ್ಮದೇ ಎಂದು ತಿದ್ದಿಕೊಳ್ಳುವಂತಿರಬೇಕು. ತಿದ್ದಿದ ಕೂಡಲೆ ಕಟ್ಟಿದವನ ಹೆಸರು ಅಳಿಯುತ್ತದೆ. ಹೆಸರು ಬೇಕೋ ಆಟ ಬೇಕೋ ಎಂದು ಕೇಳಿದರೆ ನಾನು ಇಂದಿಗೂ ಒಂದು ಕ್ಷಣ ತಡವರಿಸುತ್ತೇನೆ.

ಹೆಸರಿನ ಜಗಳ ದೂರದ ಅಮೆರಿಕದಲ್ಲಿಯೂ ನಡೆಯಿತು; ಸ್ವತಂತ್ರ ಆಟಗಾರರೆಂಬ ಕುಲ ಹುಟ್ಟಿದ್ದೇ ಆ ಜಗಳದಿಂದ. ೧೯೭೦ರ ದಶಕದ ಕೊನೆಗೆ ಅಟಾರಿ ಎಂಬ ದೊಡ್ಡ ಕಂಪನಿ ಮನೆಯ ಟೆಲಿವಿಷನ್ನಿಗೆ ಜೋಡಿಸುವ ಆಟಗಳನ್ನು ಮಾರುತ್ತಿತ್ತು. ಒಂದು ಆಟವನ್ನು ಬಹುಮಟ್ಟಿಗೆ ಒಬ್ಬನೇ ಕಟ್ಟುತ್ತಿದ್ದ, ಆದರೆ ಡಬ್ಬಿಯ ಮೇಲೆ ಅವನ ಹೆಸರಿಲ್ಲ. ಬೇಸತ್ತ ನಾಲ್ವರು ೧೯೭೯ರಲ್ಲಿ ಹೊರಬಂದು ಆಕ್ಟಿವಿಷನ್ ಎಂಬ ಸ್ವಂತ ಅಂಗಡಿ ತೆರೆದರು. ಅಲ್ಲಿಯೇ ದುಡಿಯುತ್ತಿದ್ದ ವಾರೆನ್ ರಾಬಿನೆಟ್ ಬೇರೆಯೇ ಉಪಾಯ ಹೂಡಿದ. 'ಅಡ್ವೆಂಚರ್' ಎಂಬ ತನ್ನ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ, ಕಣ್ಣಿಗೆ ಕಾಣದಂಥ ಒಂದು ಚುಕ್ಕೆಯನ್ನು ಹೊತ್ತು ತಂದವನಿಗೆ ಮಾತ್ರ ಅದು ತೆರೆಯುವಂತೆ ಮಾಡಿ, ಒಳಗೆ ಇದನ್ನು ಕಟ್ಟಿದವನು ವಾರೆನ್ ರಾಬಿನೆಟ್ ಎಂದು ಬರೆದಿಟ್ಟ. ಬಾಯಿ ಮುಚ್ಚಿಕೊಂಡು ಕೆಲಸ ಬಿಟ್ಟ. ಆಟ ಮಾರುಕಟ್ಟೆಗೆ ಬಂದ ಮೇಲೆ ಸಾಲ್ಟ್ ಲೇಕ್ ಸಿಟಿಯ ಹದಿನೈದರ ಹುಡುಗನೊಬ್ಬ ಅದನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆದ. ಬೇಲೂರಿನ ದಾಸೋಜ ಹಗಲಲ್ಲೇ ಕೊರೆದದ್ದನ್ನು ಈತ ಕತ್ತಲಲ್ಲಿ ಕೊರೆದ ಎಂದು ನನಗನ್ನಿಸುತ್ತದೆ.

ಸೋವಿಯತ್ ರಷ್ಯದಲ್ಲಿ ಇನ್ನೊಂದು ಬಗೆ. ೧೯೮೦ರ ದಶಕದ ನಡುವೆ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಕಟ್ಟಿದ 'ಟೆಟ್ರಿಸ್' ಜಗತ್ತನ್ನೇ ಸುತ್ತಿತು. ಹಕ್ಕು ಸರ್ಕಾರದ್ದಾದ್ದರಿಂದ ಕಟ್ಟಿದವನ ಕೈಗೆ ಗೌರವಧನ ಬರತೊಡಗಿದ್ದು ೧೯೯೬ರಿಂದ ಈಚೆಗೆ.

ನಮ್ಮ ರಾಜ್ಯಕ್ಕೆ ಈ ಉದ್ಯಮ ಕಾಲಿಟ್ಟದ್ದು ೧೯೯೭ರಲ್ಲಿ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆ ಕಟ್ಟಿದರು; ಭಾರತದಲ್ಲಿ ಈ ಬಗೆಯ ಮೊದಲಿಗರಲ್ಲಿ ಅದೊಂದು. ಮುಖ್ಯವಾಗಿ ಪರದೇಶದ ಕಂಪನಿಗಳ ಆಟಗಳಿಗೆ ಬೇಕಾದ ಚಿತ್ರ, ವಾಹನ, ಕಟ್ಟಡಗಳನ್ನು ರೂಪಿಸಿಕೊಟ್ಟು ಬೆಳೆಯಿತು. ೨೦೧೭ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್‌ಗೆ, ೨೦೧೯ರಲ್ಲಿ ರಾಕ್‌ಸ್ಟಾರ್‌ಗೆ ಸೇರಿಹೋಯಿತು. ನೂರಾರು ಹುಡುಗರಿಗೆ ಅನ್ನ ಕೊಟ್ಟ ಸಂಸ್ಥೆಯನ್ನು ಹಗುರವಾಗಿ ಆಡುವುದು ಸಲ್ಲದು. ಆದರೆ ಬೆಂಗಳೂರಿನಲ್ಲಿ ಕೂತು ಬೇರೆಯವರ ಆಟಕ್ಕೆ ಕಾರು ಬರೆಯುವುದಕ್ಕಿಂತ ಸಿಂದಗಿಯಲ್ಲಿ ಕೂತು ನನ್ನ ಆಟಕ್ಕೆ ಎತ್ತಿನಗಾಡಿ ಬರೆಯುವುದು ಮೇಲೆಂದು ನನ್ನ ಮತ. ನಷ್ಟದ ಮತವೆಂದು ಹೆಂಡತಿ ಹೇಳುತ್ತಾಳೆ.

ನಷ್ಟದ ಲೆಕ್ಕವನ್ನೂ ಕೊಡುತ್ತೇನೆ. ಬೆಳಗಿನ ಐದಕ್ಕೆ ಎದ್ದು ಹತ್ತರವರೆಗೆ ಕೆಲಸ. ಬೇಸಗೆಯಲ್ಲಿ ಹತ್ತರ ಮೇಲೆ ಮಾಳಿಗೆಯ ಕೋಣೆಯಲ್ಲಿ ಮನುಷ್ಯನಿಗಿಂತ ಮೊದಲು ಗಣಕವೇ ಬಿಸಿಯಾಗಿ ಕೈ ಎತ್ತುತ್ತದೆ. ಮಧ್ಯಾಹ್ನ ನಾಲ್ಕು ಮಕ್ಕಳಿಗೆ ಗಣಿತ ಪಾಠ. ನಿಶ್ಚಯವಾದ ವರಮಾನ ಅದೊಂದೇ. ರಾತ್ರಿ ಮತ್ತೆ ಕೆಲಸ. ಗಣಕದ ಆಟ ಮಾರುವ ದೊಡ್ಡ ಅಂಗಡಿ ಸ್ಟೀಮ್. ಅಲ್ಲಿ ಪ್ರತಿ ಆಟಕ್ಕೆ ನೂರು ಡಾಲರು ಪ್ರವೇಶದ ಹಣ, ಮಾರಾಟದಲ್ಲಿ ನೂರಕ್ಕೆ ಮೂವತ್ತು ಅಂಗಡಿಯ ಪಾಲು. ೨೦೨೪ ಒಂದೇ ವರ್ಷದಲ್ಲಿ ಅಲ್ಲಿಗೆ ೧೮ ಸಾವಿರಕ್ಕೂ ಮಿಕ್ಕಿ ಹೊಸ ಆಟಗಳು ಬಂದುವು. ಆ ಸಂತೆಯಲ್ಲಿ ನನ್ನದೊಂದು ಪುಟ್ಟ ಗಂಟು. ಕೈಫೋನಿನ ಅಂಗಡಿಯಾದ ಗೂಗಲ್ ಪ್ಲೇಯಲ್ಲಿ ಹೊಸಬನಾದ ಒಂಟಿ ಆಟಗಾರನಿಗೆ ಇನ್ನೊಂದು ಕಟ್ಟಳೆ: ಹನ್ನೆರಡು ಮಂದಿ ಹದಿನಾಲ್ಕು ದಿನ ಬಿಡದೆ ಆಟವನ್ನು ಪರೀಕ್ಷಿಸಬೇಕು. ಮೊದಲು ಇಪ್ಪತ್ತು ಮಂದಿ ಬೇಕಿತ್ತು. ೨೦೨೪ರ ಕೊನೆಗೆ ಹನ್ನೆರಡಕ್ಕೆ ಇಳಿಸಿದರು. ಆ ಹನ್ನೆರಡನ್ನು ಕೂಡಿಸಲು ನಾನು ನಾಲ್ಕೂ ತಾಲ್ಲೂಕಿನ ನೆಂಟಸ್ತಿಕೆಯನ್ನೆಲ್ಲ ಸವೆಸಿದೆ. ಇಂಡಿಯ ಭಾವ ಮೂರನೆಯ ದಿನಕ್ಕೆ ಆಟವನ್ನು ಅಳಿಸಿಹಾಕಿ, ಫೋನಿನಲ್ಲಿ ಜಾಗವಿರಲಿಲ್ಲವೆಂದರು.

ಆಟ ಕಟ್ಟುವ ಸಲಕರಣೆಯೂ ನಮ್ಮದಲ್ಲ. ಲೋಕದ ಸ್ವತಂತ್ರರಲ್ಲಿ ಬಹಳ ಮಂದಿ ನೆಚ್ಚಿಕೊಂಡಿರುವ ಯಂತ್ರಸಾಧನ ಯೂನಿಟಿ. ೨೦೨೩ರ ಸೆಪ್ಟೆಂಬರಿನಲ್ಲಿ ಆ ಕಂಪನಿ, ಒಂದು ಮಿತಿ ದಾಟಿದ ಮೇಲೆ ಆಟವನ್ನು ಜನ ಇಳಿಸಿಕೊಂಡಂತೆಲ್ಲ ಕಟ್ಟಿದವನು ತಲೆಗಿಷ್ಟು ತೆರಬೇಕೆಂದು ಸಾರಿತು. ಲೋಕದ ಆಟಗಾರರೆಲ್ಲ ಎದ್ದು ಕೂಗಿದ ಮೇಲೆ ಸಡಿಲಿಸಿ, ೨೦೨೪ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ಕೈಬಿಟ್ಟರೂ ಒಂದು ಮಾತು ಸ್ಪಷ್ಟವಾಯಿತು: ನಮ್ಮ ಸ್ವಾತಂತ್ರ್ಯ ಬಾಡಿಗೆಯದು. ಹುಲಿ-ಕುರಿ ಗೀರಿದವನಿಗೆ ಉಳಿ ಅವನದೇ, ಚಪ್ಪಡಿ ಊರದು.

ನನ್ನ ಸ್ವಂತ ಸಂಕಟ ಬೇರೆಯದು, ಅದು ಕನ್ನಡದ್ದು. ಇಂಥ ಸಾಧನಗಳಲ್ಲಿ ಹಲವಕ್ಕೆ ಒತ್ತಕ್ಷರ ಬಾರದು. 'ಕ್ಷಣ' ಎಂದು ಬರೆದರೆ ಪರದೆಯ ಮೇಲೆ ಒಡೆದ ಅಕ್ಷರ ಹರಡಿಕೊಂಡು ಬೀಳುತ್ತವೆ. 'ಸ್ತ್ರೀ'ಯ ಗತಿ ಹೇಳುವಂತೆಯೇ ಇಲ್ಲ. ಎಷ್ಟೋ ರಾತ್ರಿ ನಾನು ಆಟ ಕಟ್ಟದೆ ಒತ್ತಕ್ಷರಗಳನ್ನೇ ಚಿತ್ರ ಬರೆದು ಅಂಟಿಸಿದ್ದೇನೆ. ೨೦೨೩ರಲ್ಲಿ ಬಂದ ಗೋಡೋ ಎಂಬ ಮುಕ್ತ ಸಾಧನದ ನಾಲ್ಕನೆಯ ಆವೃತ್ತಿ ಕನ್ನಡವನ್ನು ನೆಟ್ಟಗೆ ಕೂಡಿಸಿತು. ಅದಕ್ಕೆ ಬಾಡಿಗೆಯೂ ಇಲ್ಲ, ಮಾಲಿಕನೂ ಇಲ್ಲ. ಲೋಕದ ಜನ ಸೇರಿ ತಿದ್ದಿಕೊಳ್ಳುತ್ತಾರೆ. ಚೌಕಾಬಾರದ ಹಾಗೆಯೇ.

ಈ ನಡುವೆ ಗೆದ್ದವರೂ ಇದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಸಣ್ಣ ತಂಡ ೨೦೨೦ರಲ್ಲಿ 'ರಾಜಿ' ಎಂಬ ಆಟವನ್ನು ಹೊರತಂದು ಪರದೇಶದಲ್ಲಿಯೂ ಹೆಸರು ಪಡೆಯಿತು. ೨೦೧೭ರಲ್ಲಿ ಜನರಿಂದ ಹಣ ಕೂಡಿಸಲು ಮಾಡಿದ ಪ್ರಯತ್ನ ಗುರಿ ಮುಟ್ಟಿರಲಿಲ್ಲ. ಸ್ಥಾಪಕರಲ್ಲೊಬ್ಬರು ತಮ್ಮ ಮನೆಯನ್ನು ಮಾರಿ ಕೆಲಸ ಮುಂದುವರಿಸಿದರು. ಇಂಡಿಯ ಕಡೆಯವರಿಗೆ ದುಡಿಮೆಗೆ ಪುಣೆ, ಸೊಲ್ಲಾಪುರ ಹತ್ತಿರ. ಅಲ್ಲಿ ಗೆದ್ದರೆ ಇಲ್ಲಿಯೂ ಗೆದ್ದೇವು ಎಂಬ ಆಸೆ ನನಗುಂಟು. ಮಾರುವುದಕ್ಕೆ ಮಾತ್ರ ನನ್ನ ಹೆಸರಿನಲ್ಲಿ ಮನೆಯಿಲ್ಲ, ಅಪ್ಪನ ಹೆಸರಿನಲ್ಲಿದೆ.

ಸಾಲವಾದರೂ ಸಿಕ್ಕೀತೆಂದು ಒಂದು ಕಡೆ ಕೇಳಲು ಹೋಗಿದ್ದೆ. ಅರ್ಜಿ ಓದಿದ ಅಧಿಕಾರಿ ಕನ್ನಡಕ ತೆಗೆದು, "ಅಂದ್ರ ಜೂಜಿನ ಆ್ಯಪೇನ್ರಿ?" ಎಂದರು. ಅವರ ಮಾತಿಗೆ ಹಳೆಯ ಬೇರುಗಳುಂಟು. ನಮ್ಮ ಈ ತಾಲ್ಲೂಕುಗಳು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿ ರಾಜ್ಯದಲ್ಲಿದ್ದುವು. ಆಗ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯಲ್ಲಿ ಬಹುಮಾನದ ಪದಬಂಧ ಬರುತ್ತಿತ್ತು. ಮುಂಬಯಿ ರಾಜ್ಯದ ಜನ ಹಣ ಕಟ್ಟಿ ತುಂಬಿ ಕಳಿಸುತ್ತಿದ್ದರು. ಹೊರರಾಜ್ಯದ ಪತ್ರಿಕೆಗಳಿಗೂ ಅನ್ವಯಿಸುವಂತೆ ೧೯೫೨ರಲ್ಲಿ ಮುಂಬಯಿಯವರು ತಮ್ಮ ಕಾಯಿದೆಯನ್ನು ತಿದ್ದಿದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ೧೯೫೭ರಲ್ಲಿ, ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂಬ ಪ್ರಸಿದ್ಧ ತೀರ್ಪು ಬಂತು. ಇಂದಿಗೂ ಆಟ ಮತ್ತು ಜೂಜಿನ ನಡುವಣ ಗೆರೆಯ ಮಾತು ಬಂದಾಗ ವಕೀಲರು ಆ ತೀರ್ಪನ್ನು ತೆರೆಯುತ್ತಾರೆ.

ಆ ಗೆರೆ ಮತ್ತೆ ಮತ್ತೆ ಜರುಗಿತು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ೨೦೨೧ರಲ್ಲಿ ೧೯೬೩ರ ಪೊಲೀಸ್ ಕಾಯಿದೆಯನ್ನು ತಿದ್ದಿತು. ೨೦೨೨ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿ, ಹಣ ಒಡ್ಡುವ ಆಟಗಳನ್ನು ಒಂದು ಕಡೆ, ಒಡ್ಡದವುಗಳನ್ನು ಇನ್ನೊಂದು ಕಡೆ ಇಟ್ಟಿತು. ಎರಡನೆಯದಕ್ಕೆ ಉತ್ತೇಜನ ಕೊಡಬೇಕೆಂದೂ ಬರೆಯಿತು. ಸಾಲಕ್ಕೆ ಬಿದ್ದು ಹಾಳಾದ ಮನೆಗಳನ್ನು ನಮ್ಮ ಓಣಿಯಲ್ಲಿಯೇ ಕಂಡ ನನಗೆ ಈ ವಿಂಗಡಣೆ ಸರಿಯೆಂದೇ ತೋರುತ್ತದೆ. ಕಾಯಿದೆಯ ಪ್ರತಿಯೊಂದನ್ನು ಅಚ್ಚು ಹಾಕಿಸಿ ಅರ್ಜಿಯ ಜೊತೆ ಇಟ್ಟುಕೊಂಡಿದ್ದೇನೆ. ಸಾಲ ಇನ್ನೂ ಬಂದಿಲ್ಲ.

ಸದ್ಯಕ್ಕೆ ನಾನು ಕಟ್ಟುತ್ತಿರುವುದು ಚೌಕಾಬಾರವನ್ನೇ. ಅದಕ್ಕಾಗಿ ಈ ವರ್ಷ ನಾಲ್ಕು ತಾಲ್ಲೂಕುಗಳಲ್ಲಿ ಕೂತು ಕಟ್ಟಳೆಗಳನ್ನು ಬರೆದುಕೊಳ್ಳುತ್ತಿದ್ದೇನೆ. ಒಂದೂರಿನಲ್ಲಿ ಹೊಡೆಯದೆ ಒಳಸುತ್ತಿಲ್ಲ. ಮುಂದಿನೂರಿನಲ್ಲಿ ಆ ಮಾತೇ ಇಲ್ಲ. ಒಂದು ಕಡೆ ಮೂರು ಸಲ ಸಾಲಾಗಿ ಚೌಕ ಬಿದ್ದರೆ ಅದೆಲ್ಲ ಸುಟ್ಟುಹೋಯಿತೆನ್ನುತ್ತಾರೆ. ಇನ್ನೊಂದು ಕಡೆ ಅದನ್ನೇ ಭಾಗ್ಯವೆನ್ನುತ್ತಾರೆ. ಮುದ್ದೇಬಿಹಾಳದ ನನ್ನ ಸೋದರತ್ತೆ ಏಳೇಳರ ದೊಡ್ಡ ಮನೆ ಬರೆದು ಆರು ಕವಡೆ ಹಾಕುತ್ತಾರೆ. ಬಾಗೇವಾಡಿಯ ಕಡೆ ಎಂಬತ್ತು ದಾಟಿದ ಅಜ್ಜಿಯೊಬ್ಬರು, ಜೊತೆಯಾಗಿ ಕುಳಿತ ಎರಡು ಕಾಯನ್ನು ಒಂಟಿ ಕಾಯಿ ಹೊಡೆಯುವಂತಿಲ್ಲ ಎಂದು ಹಟ ಹಿಡಿದರು. ಐದೈದರ ಸಣ್ಣ ಮನೆಯಲ್ಲಿ ಆ ಕಟ್ಟಳೆಯನ್ನು ನಾನು ಬೇರೆಲ್ಲಿಯೂ ಕೇಳಿರಲಿಲ್ಲ. ಇದನ್ನು ಯಾರು ಮಾಡಿದರೆಂದು ಕೇಳಿದೆ. "ನಾನss," ಎಂದರು ಅಜ್ಜಿ, "ನಮ್ಮ ನಾದನಿ ಭಾಳ ಗೆಲ್ಲಾಕತ್ತಿದ್ಲು."